ಹಳೆ ಮಿಲಿಟರಿ ರೈಫಲ್ ಅಗ್ಗಕ್ಕೆ ಸಿಕ್ಕರೆ

ಸೈನ್ಯ ಬಳಸಿ ಬಿಟ್ಟ ರೈಫಲ್ಲಿನ ಮುಂಭಾಗದ ಮರ ತೆಗೆದು, ಬ್ಯಾರಲ್ ಗಿಡ್ಡ ಮಾಡಿ ಅಥವಾ ಬೇರೆ ಬ್ಯಾರಲ್ ಕೂರಿಸಿ, ಬೇಟೆ ಬಂದೂಕಿನ ರೂಪ ಕೊಟ್ಟು ಮಾರುವುದು ನೂರು ವರ್ಷಕ್ಕೂ ಹಳೆಯ ವ್ಯಾಪಾರ. ಯುದ್ಧ ಮುಗಿದಾಗಲೆಲ್ಲ ಸರ್ಕಾರಗಳ ಉಗ್ರಾಣದಲ್ಲಿ ಲಕ್ಷಗಟ್ಟಲೆ ರೈಫಲ್ಲುಗಳು ಉಳಿದುಬಿಡುತ್ತವೆ. ಸೈನ್ಯಕ್ಕೆ ಹೊಸ ಮಾದರಿ ಬಂದಮೇಲೆ ಅವಕ್ಕೆ ಕೆಲಸವಿಲ್ಲ. ಎರಡನೆಯ ಮಹಾಯುದ್ಧದ ನಂತರ ಬ್ರಿಟನ್ನಿನ ಲೀ-ಎನ್‌ಫೀಲ್ಡ್, ಜರ್ಮನಿಯ ಮೌಸರ್, ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ರೈಫಲ್ಲುಗಳು ಹೀಗೆಯೇ ಅಮೆರಿಕ, ಕೆನಡಾಗಳ ಅಂಗಡಿಗೆ ರಾಶಿಯಾಗಿ ಬಂದವು. ಹೊಸ ಬೇಟೆ ಬಂದೂಕಿನ ಬೆಲೆಯ ಒಂದು ಪಾಲಿಗೆ ಅವು ಸಿಗುತ್ತಿದ್ದವು. ಅಮೆರಿಕದಲ್ಲಂತೂ ಅಂಚೆಯಲ್ಲಿ ತರಿಸಿಕೊಳ್ಳಬಹುದಾಗಿತ್ತು. 1963ರಲ್ಲಿ ಅಧ್ಯಕ್ಷ ಕೆನಡಿಯವರ ಹತ್ಯೆಗೆ ಬಳಕೆಯಾದದ್ದು ದುರ್ಬೀನು ಸಮೇತ 19 ಡಾಲರ್ 95 ಸೆಂಟಿಗೆ ಅಂಚೆಯಲ್ಲಿ ಬಂದ ಇಟಲಿ ಸೈನ್ಯದ ಹಳೆ ಕಾರ್ಕಾನೊ. 1968ರ ಕಾನೂನು ಅಲ್ಲಿ ಅಂಚೆ ಮಾರಾಟಕ್ಕೂ ಮಿಲಿಟರಿ ರೈಫಲ್ಲುಗಳ ಆಮದಿಗೂ ತಡೆ ಹಾಕಿತು.

ಭಾರತದಲ್ಲಿ ಈ ರಾಶಿ ಜನರ ಕೈಗೆ ಬರಲೇ ಇಲ್ಲ. ಅದಕ್ಕೆ ಕಾರಣ ಕನ್ನಡ ನಾಡಿನ ಇತಿಹಾಸದಲ್ಲೂ ಇದೆ. 1857ರಲ್ಲಿ ಕಂಪನಿ ಸರ್ಕಾರ ಜನರ ಕೈಯ ಆಯುಧ ಕಿತ್ತುಕೊಳ್ಳುವ ಕಾಯ್ದೆ ತಂದಾಗ, ಮುಧೋಳ ಸಂಸ್ಥಾನದ ಹಲಗಲಿಯ ಬೇಡರು ಅದನ್ನು ಒಪ್ಪದೆ ದಂಗೆಯೆದ್ದರು. ಮರುವರ್ಷ ಮುಂಡರಗಿ ಭೀಮರಾಯರೂ ಹಮ್ಮಿಗಿಯ ಕೆಂಚನಗೌಡರೂ ಕೊಪ್ಪಳದ ಕೋಟೆ ಹಿಡಿದು, ಅಲ್ಲೇ ಇಂಗ್ಲಿಷರ ಸೈನ್ಯದೊಡನೆ ಹೋರಾಡಿ ಮಡಿದರು. 1878ರಲ್ಲಿ ವೈಸ್‌ರಾಯ್ ಲಿಟ್ಟನ್ ಕಾಲದ ಆಯುಧ ಕಾಯ್ದೆ ಭಾರತೀಯರಿಗೆ ಲೈಸೆನ್ಸನ್ನು ಕಡ್ಡಾಯ ಮಾಡಿತು. ಸೈನ್ಯದ ರೈಫಲ್ಲಿಗೆ .303 ತೋಟಾ ಬಂದಮೇಲೆ ಸರ್ಕಾರಕ್ಕೆ ಇನ್ನೊಂದು ಭಯ ಹುಟ್ಟಿತು. ಜನರ ಬಂದೂಕಿಗೂ ಅದೇ ತೋಟಾ ಹೊಂದುವುದಾದರೆ ಸೈನ್ಯದ ಉಗ್ರಾಣದಿಂದ ಕದ್ದ ಮದ್ದೆಲ್ಲ ಊರೂರಿನಲ್ಲಿ ಉಪಯೋಗಕ್ಕೆ ಬರುತ್ತದೆ. ಹಾಗಾಗಿ ಖಾಸಗಿಯವರಿಗೆ .303 ನಿಷಿದ್ಧವಾಯಿತು. ಆಸ್ಟ್ರಿಯಾ ಸೈನ್ಯದ ಹಳೆಯ 8 ಮಿ.ಮೀ. ತೋಟಾವನ್ನು ಬ್ರಿಟಿಷ್ ಕಂಪನಿಗಳು .315 ಎಂಬ ಹೆಸರಿನಲ್ಲಿ ಭಾರತಕ್ಕೆಂದೇ ಬಳಕೆಗೆ ತಂದವು. ಲೀ-ಎನ್‌ಫೀಲ್ಡಿನ ಬೋಲ್ಟ್, ಅದರದೇ ಒಡಲು, ಬ್ಯಾರಲ್ ಮಾತ್ರ .315. ಬಿ.ಎಸ್.ಎ. ಕಂಪನಿಯ ಇಂಥ ರೈಫಲ್ಲುಗಳು ಜಮೀನ್ದಾರರ, ಪ್ಲಾಂಟರುಗಳ ಮನೆ ಸೇರಿದವು. ಸ್ವಾತಂತ್ರ್ಯಾನಂತರ ಪಶ್ಚಿಮ ಬಂಗಾಳದ ಇಶಾಪುರ ರೈಫಲ್ ಕಾರ್ಖಾನೆ ಅದೇ ಮಾದರಿಯನ್ನು ಮುಂದುವರಿಸಿತು. ಇಂದು ಲೈಸೆನ್ಸಿಗೆ ಸಿಗುವ .315 ಸ್ಪೋರ್ಟಿಂಗ್ ರೈಫಲ್ಲಿನ ವಂಶ ಇದೇ.

ಇಶಾಪುರ ಇನ್ನೊಂದು ಮಾರ್ಪಾಟನ್ನೂ ಮಾಡಿತ್ತು. ಸವೆದ .303 ರೈಫಲ್ಲಿನ ಬ್ಯಾರಲ್ಲನ್ನು ಒಳಗೆ ಗೆರೆಯಿಲ್ಲದ .410 ನುಣುಪು ನಳಿಗೆಯಾಗಿ ಕೊರೆದು, ಮ್ಯಾಗಜೀನಿನ ಜಾಗಕ್ಕೆ ಮರದ ತುಂಡು ತುಂಬಿ, ಒಂದೊಂದೇ ಈಡು ಹಾರಿಸುವ ಮಸ್ಕೆಟ್ ಮಾಡಿ ಪೊಲೀಸರಿಗೂ ಜೈಲು ಕಾವಲುಗಾರರಿಗೂ ಕೊಟ್ಟರು. ದೂರ ಹೋಗದ, ಕದ್ದರೂ ಸೈನ್ಯದ ತೋಟಾ ಹಾಕಲಾಗದ ಬಂದೂಕು ಅದು. ಪೂರ್ಣರೂಪದ .303 ಮಾತ್ರ ಪೊಲೀಸ್ ಠಾಣೆಗಳಲ್ಲಿ ದಶಕಗಟ್ಟಲೆ ಉಳಿಯಿತು. ಉತ್ತರ ಪ್ರದೇಶದ ಪೊಲೀಸರು ಅದಕ್ಕೆ ವಿದಾಯ ಹೇಳಿದ್ದು 2020ರ ಗಣರಾಜ್ಯೋತ್ಸವದಲ್ಲಿ.

ಹೀಗಿರುವಾಗ ಕೊಪ್ಪಳ, ಗಂಗಾವತಿ ಕಡೆಯ ಒಬ್ಬರಿಗೆ 'ಹಳೆ ಮಿಲಿಟರಿ ರೈಫಲ್ ಇದೆ, ಅಗ್ಗಕ್ಕೆ ಕೊಡುತ್ತೇನೆ' ಎಂಬ ಮಾತು ಕಿವಿಗೆ ಬಿದ್ದರೆ ಮೊದಲು ಅನುಮಾನ ಬರಬೇಕಾದದ್ದು ಆ 'ಅಗ್ಗ'ದ ಮೇಲೆಯೇ. 1980ರ ದಶಕದ ನಡುವಿನಿಂದ ಖಾಸಗಿಯವರ ಮಾರುಕಟ್ಟೆಗೆ ವಿದೇಶಿ ಬಂದೂಕುಗಳ ಆಮದು ಬಹುಪಾಲು ನಿಂತುಹೋಗಿದೆ. ಬರುವ ಹೊಸ ಮಾಲು ಇಲ್ಲ, ಇರುವ ಹಳೆ ಮಾಲಿಗೆ ಬೇಡಿಕೆ ತಗ್ಗಿಲ್ಲ. ಆದ್ದರಿಂದ ಬೇರೆ ದೇಶಗಳಲ್ಲಿ ಕವಡೆ ಬೆಲೆಗೆ ಮಾರಿದ ರೈಫಲ್ಲು ಕೂಡ ಇಲ್ಲಿ ಕಾಗದಪತ್ರ ಸರಿಯಿದ್ದರೆ ದುಬಾರಿಯೇ. ಅಗ್ಗವಾಗಿ ಸಿಗುತ್ತಿದೆ ಎಂದರೆ ಒಂದೋ ಕಾಗದ ಇಲ್ಲ, ಇಲ್ಲವೇ ಬ್ಯಾರಲ್ ಹೋಗಿದೆ. ಮೂರನೆಯ ಸಾಧ್ಯತೆ ಇನ್ನೂ ಕೆಟ್ಟದ್ದು: ಅದು ಮಿಲಿಟರಿ ರೈಫಲ್ಲೇ ಅಲ್ಲ, ಯಾವುದೋ ಕುಲುಮೆಯಲ್ಲಿ ಹುಟ್ಟಿದ ನಾಡಬಂದೂಕು.

ಬೆಲೆ ಕೇಳುವುದಕ್ಕೂ ಮುಂಚೆ ನೋಡಬೇಕಾದದ್ದು ಬೋರು, ಅಂದರೆ ನಳಿಗೆಯ ಅಳತೆ. ಕೇಂದ್ರ ಗೃಹ ಸಚಿವಾಲಯದ ಲೆಕ್ಕದಲ್ಲಿ .303 ರೈಫಲ್ ನಿಷೇಧಿತ ಬೋರಿನದು, 9 ಮಿ.ಮೀ. ಪಿಸ್ತೂಲು, .38 ಮತ್ತು .455 ರಿವಾಲ್ವರುಗಳೂ ಅದೇ ಸಾಲಿನವು. ಇವುಗಳ ಲೈಸೆನ್ಸ್ ಜಿಲ್ಲಾಧಿಕಾರಿ ಕಚೇರಿಯಲ್ಲಿ ಸಿಗುವುದಿಲ್ಲ. ದೆಹಲಿಯೇ ಕೊಡಬೇಕು, ಸಾಮಾನ್ಯ ರೈತನಿಗೋ ವ್ಯಾಪಾರಿಗೋ ಅದು ಸಿಗುವ ಮಾತಲ್ಲ. .315, .30-06, 12 ಬೋರ್ ಇವು ನಿಷೇಧವಿಲ್ಲದ ಬೋರುಗಳು, ಇವುಗಳ ಲೈಸೆನ್ಸಿಗೆ ಡಿ.ಸಿ. ಕಚೇರಿಗೆ ಅರ್ಜಿ ಹಾಕಬೇಕು. ನೋಡಲು .303 ಹಾಗೂ .315 ರೈಫಲ್ಲುಗಳು ಅಣ್ಣತಮ್ಮಂದಿರಂತೆ ಇರುತ್ತವೆ. ಒಂದನ್ನು ಹಿಡಿದವರು ಲೈಸೆನ್ಸುದಾರರು, ಇನ್ನೊಂದನ್ನು ಹಿಡಿದವರು ಅಪರಾಧಿಗಳು. ಆಯುಧ ಕಾಯ್ದೆಯ 2019ರ ತಿದ್ದುಪಡಿಯ ನಂತರ ನಿಷೇಧಿತ ಆಯುಧ ಇಟ್ಟುಕೊಂಡದ್ದು ಸಾಬೀತಾದರೆ ಕನಿಷ್ಠ 7 ವರ್ಷ, ಗರಿಷ್ಠ 14 ವರ್ಷ ಸೆರೆವಾಸ. ಮಾರುವವರ ಬಾಯಿಮಾತು ಇಲ್ಲಿ ಸಾಲದು.

ಗುರುತು ಹಿಡಿಯಲು ಲೋಹವನ್ನೇ ಓದಬೇಕು. ಹಳೆಯ ಲೀ-ಎನ್‌ಫೀಲ್ಡಿನಲ್ಲಿ ಬಟ್ಟಿನ ಮರ ಒಡಲಿಗೆ ಸೇರುವ ಕಡೆ ಬಲಬದಿಯಲ್ಲಿ ಒಂದು ಉಕ್ಕಿನ ಪಟ್ಟಿ ಇರುತ್ತದೆ. ಬ್ರಿಟಿಷ್ ಕಾಲದ್ದಾದರೆ ಅಲ್ಲಿ ಕಿರೀಟ, ಅದರಡಿ ರಾಜನ ಹೆಸರಿನ ಅಕ್ಷರ, ಕಾರ್ಖಾನೆಯ ಹೆಸರು, ವರ್ಷ, ಮಾದರಿ. ಗಣರಾಜ್ಯದ ಕಾಲದ ಇಶಾಪುರದ ರೈಫಲ್ಲಿನಲ್ಲಿ ಕಿರೀಟದ ಜಾಗಕ್ಕೆ ಅಶೋಕನ ಸಿಂಹಲಾಂಛನ, ಆರ್.ಎಫ್.ಐ. ಎಂಬ ಅಕ್ಷರಗಳು. 1960ರ ದಶಕದಲ್ಲಿ ಇಶಾಪುರ ಇದೇ ಆಕಾರದಲ್ಲಿ 7.62 ಮಿ.ಮೀ.ನ 2ಎ, 2ಎ1 ರೈಫಲ್ಲುಗಳನ್ನು ಮಾಡಿತು. ಅವುಗಳ ಮ್ಯಾಗಜೀನು ಹೆಚ್ಚು ಚೌಕ, ಹಿಡಿಯುವ ಗುಂಡು ಹತ್ತಲ್ಲ, ಹನ್ನೆರಡು. ಅದೂ ಸೈನ್ಯದ ತೋಟಾವೇ, ಖಾಸಗಿಯವರಿಗೆ ನಿಷಿದ್ಧವೇ. ಡಿ.ಪಿ. ಎಂಬ ಅಕ್ಷರ ಕೆತ್ತಿದ್ದರೆ ಅದು ಕವಾಯತಿಗೆ ಮಾತ್ರ ಎಂದು ಸೈನ್ಯ ಬದಿಗಿಟ್ಟ ರೈಫಲ್. ಕಾಲೇಜಿನಲ್ಲಿ ಎನ್.ಸಿ.ಸಿ. ಮಾಡಿದವರಿಗೆ ಈ ಡಿ.ಪಿ. ರೈಫಲ್ಲಿನ ತೂಕ ಹೆಗಲಿಗೆ ನೆನಪಿರುತ್ತದೆ. ಅದರಿಂದ ಗುಂಡು ಹಾರಿಸಬಾರದು. ಮುಂಗಟ್ಟಿನ ಸುತ್ತ ತಾಮ್ರದ ತಂತಿ ಬಿಗಿದು ಬೆಸುಗೆ ಹಾಕಿದ ಗುರುತಿದ್ದರೆ ಅದು ಗ್ರೆನೇಡ್ ಎಸೆಯಲು ಬಳಸಿದ ರೈಫಲ್, ಅದರ ಒಡಲು ಸಹಜಕ್ಕಿಂತ ಹೆಚ್ಚು ಹೊಡೆತ ತಿಂದಿರುತ್ತದೆ.

ಗುರುತು ಅಳಿಸಿದ್ದರೆ, ಸಂಖ್ಯೆಯ ಮೇಲೆ ಅರ ಆಡಿಸಿದ್ದರೆ ಮಾತು ಅಲ್ಲಿಗೇ ಮುಗಿಯಿತು. 1959ರ ಆಯುಧ ಕಾಯ್ದೆಯ 8ನೇ ಕಲಮಿನ ಪ್ರಕಾರ, ಗುರುತು ಅಳಿಸಿದ ಬಂದೂಕು ಯಾರ ಬಳಿ ಸಿಕ್ಕಿತೋ ಅವರೇ ಅಳಿಸಿದರೆಂದು ನ್ಯಾಯಾಲಯ ಭಾವಿಸುತ್ತದೆ. ಅಲ್ಲವೆಂದು ತೋರಿಸುವ ಹೊಣೆ ಅವರದೇ. ಹಳೆಯ ಯಜಮಾನ ಮಾಡಿದ ಕೆಲಸಕ್ಕೆ ಕೊಂಡವರು ಕಟಕಟೆ ಹತ್ತಬೇಕಾಗುತ್ತದೆ. ಬ್ಯಾರಲ್ ಕತ್ತರಿಸುವುದಕ್ಕೂ ಲೈಸೆನ್ಸ್ ಬೇಕು. ಲೈಸೆನ್ಸಿಲ್ಲದೆ ಬಂದೂಕು ಗಿಡ್ಡ ಮಾಡಿದವರಿಗೆ ಕನಿಷ್ಠ ಶಿಕ್ಷೆ 7 ವರ್ಷ, ಅದು ಜೀವಾವಧಿಯವರೆಗೂ ಹೋಗಬಹುದು. ಆದ್ದರಿಂದ ಮಾರ್ಪಡಿಸಿದ ರೈಫಲ್ಲಿನ ವಿಷಯದಲ್ಲಿ ಕೇಳಲೇಬೇಕಾದ ಪ್ರಶ್ನೆ, ಯಾರು ಮಾರ್ಪಡಿಸಿದರು ಎಂಬುದು. ಕಾರ್ಖಾನೆಯೋ ಲೈಸೆನ್ಸಿರುವ ದುರಸ್ತಿಗಾರರೋ ಮಾಡಿದ್ದರೆ ಅದಕ್ಕೆ ದಾಖಲೆ ಇರುತ್ತದೆ, ಬ್ಯಾರಲ್ಲಿನ ಮೇಲೆ ಪರೀಕ್ಷೆಯ ಮುದ್ರೆ ಇರುತ್ತದೆ.

ಕಾಗದ ಸರಿ, ಬೋರು ಸರಿ ಎಂದಾದ ಮೇಲೆ ಯಂತ್ರದ ಪರೀಕ್ಷೆ. ಇದನ್ನು ಕೊಳ್ಳುವವರು ತಾವೇ ಮಾಡಿ ಮುಗಿಸುವ ಹಾಗಿಲ್ಲ, ಲೈಸೆನ್ಸಿರುವ ದುರಸ್ತಿಗಾರರ ಕೈಗೆ ಕೊಡಬೇಕು. ಆದರೂ ಏನನ್ನು ನೋಡುತ್ತಾರೆ ಎಂದು ತಿಳಿದಿರುವುದು ಒಳ್ಳೆಯದು. ಮ್ಯಾಗಜೀನು ತೆಗೆದು, ಚೇಂಬರು ಖಾಲಿಯಿದೆ ಎಂದು ಕಣ್ಣಿನಿಂದಲೂ ಕಿರುಬೆರಳಿನಿಂದಲೂ ಖಚಿತ ಮಾಡಿಕೊಂಡ ಮೇಲೆ ಬೋಲ್ಟನ್ನು ಹೊರತೆಗೆಯುತ್ತಾರೆ. ಬೋಲ್ಟಿನ ಹಿಡಿಯ ಬುಡದಲ್ಲಿ ಕೆತ್ತಿದ ಸಂಖ್ಯೆಯೂ ಒಡಲಿನ ಸಂಖ್ಯೆಯೂ ಒಂದೇ ಇರಬೇಕು. ಬೇರೆಯಿದ್ದರೆ ಯಾವುದೋ ರೈಫಲ್ಲಿನ ಬೋಲ್ಟು ಯಾವುದಕ್ಕೋ ಬಂದಿದೆ. ಲೀ-ಎನ್‌ಫೀಲ್ಡಿನಲ್ಲಿ ಇದು ಸಣ್ಣ ವಿಷಯವಲ್ಲ. ಆ ಬೋಲ್ಟಿನ ಬೀಗ ಮುಂದೆ ಅಲ್ಲ, ಹಿಂದೆ ಬೀಳುತ್ತದೆ. ಪ್ರತಿ ರೈಫಲ್ಲಿಗೂ ಅದನ್ನು ತೀಡಿ ಹೊಂದಿಸಿರುತ್ತಾರೆ.

ಹೊಂದಾಣಿಕೆ ತಪ್ಪಿದರೆ ಏನಾಗುತ್ತದೆ? ಬೋಲ್ಟು ಮುಚ್ಚಿದಾಗ ಅದರ ಮುಖಕ್ಕೂ ತೋಟಾದ ಅಂಚು ಒರಗುವ ಬ್ಯಾರಲ್ಲಿನ ಹಿಂಬದಿಗೂ ನಡುವೆ ಇಷ್ಟೇ ಎಂಬ ಅಂತರ ಇರಬೇಕು. ಸೈನ್ಯದ .303ರಲ್ಲಿ ಅದು ಸುಮಾರು 1.63 ಮಿ.ಮೀ.ನಿಂದ 1.88 ಮಿ.ಮೀ. ಒಳಗೆ. ಸರಿ ತಪ್ಪುಗಳ ನಡುವೆ ಇರುವುದು ಕಾಲು ಮಿಲಿಮೀಟರು. ಅಂತರ ಹೆಚ್ಚಾದರೆ ಹಿತ್ತಾಳೆಯ ತೋಟಾ ಆಸರೆಯಿಲ್ಲದೆ ಹಿಂದಕ್ಕೆ ಎಳೆದುಕೊಂಡು ನಡುವೆಯೇ ಹರಿಯುತ್ತದೆ, ಸಾವಿರಾರು ಪೌಂಡ್ ಒತ್ತಡದ ಬಿಸಿ ಅನಿಲ ಹಾರಿಸುವವರ ಕಣ್ಣು ಕೆನ್ನೆಗಳ ಕಡೆಗೆ ನುಗ್ಗುತ್ತದೆ. ಇದನ್ನು ಅಳೆಯಲು ಗೇಜುಗಳಿವೆ. ಕಣ್ಣಳತೆಯಲ್ಲಿ ತಿಳಿಯುವುದಿಲ್ಲ, ಬಣ್ಣ ಬಳಿದು ಹೊಸ ಮರ ಹಾಕಿದ ರೈಫಲ್ಲು ಎಷ್ಟು ಚೆಂದ ಕಂಡರೂ ಈ ಗೇಜಿನ ಪರೀಕ್ಷೆಯಾಗದೆ ಅದಕ್ಕೆ ತೋಟಾ ತೋರಿಸಬಾರದು.

ಆಮೇಲೆ ನಳಿಗೆಯ ಒಳಗು. ಬೆಳಕಿಗೆ ಹಿಡಿದು ಹಿಂಬದಿಯಿಂದ ನೋಡಿದರೆ ಸುರುಳಿ ಗೆರೆಗಳು ಚೂಪಾಗಿ ಹೊಳೆಯಬೇಕು. ಕಪ್ಪು ಚುಕ್ಕೆಗಳೂ ಗುಳಿಗಳೂ ಕಂಡರೆ ತುಕ್ಕು ತಿಂದಿದೆ. ಹಳೆಯ ಮಿಲಿಟರಿ ತೋಟಾಗಳ ಕಿಡಿಮದ್ದಿನಲ್ಲಿ ಪೊಟ್ಯಾಸಿಯಂ ಕ್ಲೋರೇಟ್ ಇರುತ್ತಿತ್ತು. ಅದು ಸುಟ್ಟ ಮೇಲೆ ಉಳಿಯುವ ಉಪ್ಪು ಗಾಳಿಯ ತೇವವನ್ನು ಎಳೆದುಕೊಂಡು ಒಂದೆರಡು ದಿನದಲ್ಲೇ ಉಕ್ಕನ್ನು ತಿನ್ನುತ್ತದೆ. ಬರೀ ಎಣ್ಣೆ ಹಾಕಿದರೆ ಆ ಉಪ್ಪು ಹೋಗುವುದಿಲ್ಲ. ಅದಕ್ಕೇ ಸಿಪಾಯಿಗಳು ಹಾರಿಸಿದ ದಿನವೇ ನಳಿಗೆಗೆ ಕುದಿನೀರು ಸುರಿದು, ಒರೆಸಿ, ಆಮೇಲೆ ಎಣ್ಣೆ ಹಾಕುತ್ತಿದ್ದರು. ಮನೆಯಲ್ಲಿ ಅಟ್ಟದ ಮೇಲೆ ವರ್ಷಗಟ್ಟಲೆ ಬಿದ್ದ ರೈಫಲ್ಲಿಗೆ ಈ ಆರೈಕೆ ಸಿಕ್ಕಿರುವುದು ಅಪರೂಪ. ಗರಗಸದಿಂದ ಕತ್ತರಿಸಿದ ನಳಿಗೆಯ ತುದಿಯನ್ನೂ ನೋಡಬೇಕು. ಗುಂಡು ಕೊನೆಯದಾಗಿ ಮುಟ್ಟಿ ಹೋಗುವ ಜಾಗ ಅದು. ಅಲ್ಲಿ ಅಂಚು ಸುತ್ತಲೂ ಸಮವಾಗಿಲ್ಲದಿದ್ದರೆ ಗುಂಡು ಗುರಿಯಿಂದ ಪಕ್ಕಕ್ಕೆ ಹೋಗುತ್ತದೆ. ದುರ್ಬೀನು ಕೂರಿಸಲು ಒಡಲಿಗೆ ಕೊರೆದ ತೂತುಗಳು ಬೀಗ ಬೀಳುವ ಜಾಗದ ಹತ್ತಿರವಿದ್ದರೆ ಉಕ್ಕು ಅಲ್ಲಿ ದುರ್ಬಲವಾಗಿರುತ್ತದೆ. ಉಕ್ಕಿನ ದೋಷ ಕಾರ್ಖಾನೆಯಿಂದಲೇ ಬಂದಿರುವುದೂ ಉಂಟು. ಅಮೆರಿಕದ ಸ್ಪ್ರಿಂಗ್‌ಫೀಲ್ಡ್ ಕಾರ್ಖಾನೆಯ 1903ರ ಮಾದರಿಯಲ್ಲಿ 8,00,000ಕ್ಕಿಂತ ಕಡಿಮೆ ಸಂಖ್ಯೆಯ ರೈಫಲ್ಲುಗಳನ್ನು ಉಕ್ಕು ಕಾಯಿಸುವಾಗ ಮಿತಿಮೀರಿ ಕಾಯಿಸಿದ್ದರಿಂದ ಅವು ಪೆಡಸಾಗಿ ಒಡೆದ ಉದಾಹರಣೆಗಳಿವೆ. ತಿಳಿದವರು ಇಂದಿಗೂ ಅವುಗಳಿಂದ ಗುಂಡು ಹಾರಿಸುವುದಿಲ್ಲ.

ಇಷ್ಟೆಲ್ಲದರಲ್ಲಿ ಗೆದ್ದ ರೈಫಲ್ಲು ಸಿಕ್ಕಿತೆಂದು ಇಟ್ಟುಕೊಳ್ಳೋಣ. ಆಗಲೂ ಅದು ಯಾವ ಕೆಲಸಕ್ಕೆ ಎಂಬ ಪ್ರಶ್ನೆ ಉಳಿಯುತ್ತದೆ, ಮತ್ತು ಹಂಪಿಯ ಎದುರಿನ ವಿರೂಪಾಪುರಗಡ್ಡೆಯಂಥ ಜಾಗದಲ್ಲಿ ಈ ಪ್ರಶ್ನೆಗೆ ಬಹಳ ತೂಕವಿದೆ. ತುಂಗಭದ್ರೆಯ ಈಚೆ ದಡದಲ್ಲಿ ಗಡ್ಡೆ, ಸಾಣಾಪುರ, ಆನೆಗುಂದಿ. ಭತ್ತದ ಗದ್ದೆ, ಬಾಳೆತೋಟ, ಅವುಗಳ ಬೆನ್ನಿಗೇ ಬಂಡೆಗುಡ್ಡ. ಗುಡ್ಡದ ಗವಿಗಳಲ್ಲಿ ಕರಡಿ, ಚಿರತೆ. ರಾತ್ರಿ ಗದ್ದೆಗೆ ಇಳಿಯುವ ಕಾಡುಹಂದಿ. ಕೈಗೆ ಬಂದ ಬೆಳೆ ಒಂದೇ ರಾತ್ರಿಯಲ್ಲಿ ನೆಲಕಚ್ಚಿದಾಗ ರೈತನಿಗೆ ಬಂದೂಕು ನೆನಪಾಗುವುದು ತಪ್ಪಲ್ಲ, ಆ ಸಂಕಟ ನಿಜವಾದದ್ದು. ಆದರೆ .303 ಗುಂಡು ನಳಿಗೆ ಬಿಡುವಾಗ ಸೆಕೆಂಡಿಗೆ ಸುಮಾರು 740 ಮೀಟರ್ ವೇಗದಲ್ಲಿರುತ್ತದೆ, ತಡೆಯಿಲ್ಲದಿದ್ದರೆ ಎರಡೂವರೆ ಮೂರು ಕಿಲೋಮೀಟರಿನಷ್ಟು ಹೋಗಬಲ್ಲದು. .315 ಅದಕ್ಕಿಂತ ನಿಧಾನವಾದರೂ ರೈಫಲ್ ಗುಂಡೇ. ಗಡ್ಡೆಯ ದಡದಲ್ಲಿ ನಿಂತರೆ ಹೊಳೆಯಾಚೆ ವಿರೂಪಾಕ್ಷನ ಗೋಪುರ ಒಂದು ಕಿಲೋಮೀಟರಿನೊಳಗೆ ಕಾಣುತ್ತದೆ. ಅಲ್ಲಿ ವರ್ಷವಿಡೀ ಜನ. ಇನ್ನು ಬಂಡೆಗೆ ತಾಗಿದ ಗುಂಡು ಒಳಹೋಗುವುದಿಲ್ಲ, ಸಿಡಿದು ದಿಕ್ಕು ಬದಲಿಸುತ್ತದೆ. ಯಾವ ಕಡೆಗೆ ಎಂದು ಹಾರಿಸಿದವರಿಗೂ ಗೊತ್ತಾಗದು. ಕಲ್ಲುಗುಡ್ಡಗಳ ನಡುವೆ ರೈಫಲ್ ಬಳಸುವುದೆಂದರೆ ಪಕ್ಕದ ಗದ್ದೆಯಲ್ಲಿ ನೀರು ಕಟ್ಟುತ್ತಿರುವವರ ಪ್ರಾಣದ ಮೇಲೆ ಪಣ ಕಟ್ಟಿದ ಹಾಗೆ. 12 ಬೋರಿನ ತೋಟಾದ ಚಿಲ್ಲುಗಳು ಕೆಲಸ ಮಾಡುವುದು ನಲವತ್ತು ಮೀಟರಿನ ಆಸುಪಾಸಿನಲ್ಲಿ, ಬೀಳುವುದು ಕೆಲವೇ ನೂರು ಮೀಟರಿನೊಳಗೆ.

ಆಯುಧ ಕಾಯ್ದೆಯೂ ಇದನ್ನೇ ಯೋಚಿಸಿದೆ. ಬೆಳೆ ರಕ್ಷಣೆಗೆಂದು ಅರ್ಜಿ ಹಾಕಿದವರಿಗೆ 13ನೇ ಕಲಮು ಮೊದಲು ಹೇಳುವುದು ಬಾಯಿಯಿಂದ ಮದ್ದು ತುಂಬುವ ಬಂದೂಕನ್ನು, ಮಲೆನಾಡಿನವರು ಕೇಪಿನ ಕೋವಿ ಎನ್ನುವಂಥದ್ದನ್ನು. ಅದು ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ ನುಣುಪು ನಳಿಗೆಯ ಬೇರೆ ಬಂದೂಕು. ಬೆಳೆ ಕಾಯಲು ರೈಫಲ್ ಎಂಬುದು ಆ ಪಟ್ಟಿಯಲ್ಲೇ ಇಲ್ಲ. ಅದಕ್ಕೆ ಬೇರೆ ಬಲವಾದ ಕಾರಣ ತೋರಿಸಬೇಕು. ಜೊತೆಗೆ, ಬೆಳೆ ರಕ್ಷಣೆಯ ಲೈಸೆನ್ಸು ಬೇಟೆಯ ಪರವಾನಗಿ ಅಲ್ಲ. ಕರಡಿ, ಚಿರತೆಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಯಲ್ಲಿವೆ. ಕಾಡುಹಂದಿಯನ್ನು ಕೊಲ್ಲಲೂ ಅರಣ್ಯ ಇಲಾಖೆಯ ಅಧಿಕೃತ ಅನುಮತಿ ಬೇಕು. ಗಡ್ಡೆಯ ಪಕ್ಕದ ಹೊಳೆ 2015ರಿಂದ ನೀರುನಾಯಿಗಳ ಸಂರಕ್ಷಿತ ಪ್ರದೇಶದ ಭಾಗ. ಮುದ್ಲಾಪುರದಿಂದ ಕಂಪ್ಲಿಯವರೆಗೆ 34 ಕಿಲೋಮೀಟರ್. ಹಂಪಿ ವಿಶ್ವ ಪರಂಪರೆ ಪ್ರದೇಶದ ಕಟ್ಟುಪಾಡುಗಳೂ ಇಲ್ಲಿ ಬಿಗಿಯಾಗಿವೆ. ಗಡ್ಡೆಯ ರೆಸಾರ್ಟುಗಳನ್ನು 2020ರಲ್ಲಿ ಸುಪ್ರೀಂ ಕೋರ್ಟಿನ ತೀರ್ಪಿನ ನಂತರ ತೆರವು ಮಾಡಿದ್ದು ಎಲ್ಲರೂ ಕಂಡದ್ದೇ. ಗುಂಡಿನ ಸದ್ದು ಕೇಳಿಸಿದರೆ ಇಲ್ಲಿ ಪ್ರಶ್ನೆ ಕೇಳಲು ಒಂದಕ್ಕಿಂತ ಹೆಚ್ಚು ಇಲಾಖೆಗಳಿವೆ.

ಕೊಡಗಿನವರ ಮಾತು ಬೇರೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಲೈಸೆನ್ಸಿನ ವಿನಾಯಿತಿ ಇದೆ. ಕೈಲ್‌ಪೊಳ್ದ್ ಹಬ್ಬದಲ್ಲಿ ಕೋವಿಗೆ ತೋಕ್ ಪೂ ಎಂಬ ಹೂ ಇಟ್ಟು ಪೂಜಿಸುವ ಮನೆತನಗಳಲ್ಲಿ ಹಳೆಯ .315 ರೈಫಲ್ಲುಗಳೂ ಇವೆ. ಕೇಂದ್ರ ಸರ್ಕಾರ 2019ರಲ್ಲಿ ಈ ವಿನಾಯಿತಿಯನ್ನು 2029ರವರೆಗೆ ವಿಸ್ತರಿಸಿತು, ಕರ್ನಾಟಕ ಹೈಕೋರ್ಟು 2021ರಲ್ಲಿ ಅದನ್ನು ಎತ್ತಿಹಿಡಿಯಿತು. ಆದರೆ ವಿನಾಯಿತಿ ಇರುವುದು ಆ ಜನರಿಗೆ, ಆ ಬಂದೂಕಿಗಲ್ಲ. ಮಡಿಕೇರಿಯಲ್ಲಿ ಲೈಸೆನ್ಸಿಲ್ಲದೆ ಸಲ್ಲುತ್ತಿದ್ದ ರೈಫಲ್ಲನ್ನು ಕುಷ್ಟಗಿಯವರು ಕೊಂಡರೆ ಅವರಿಗೆ ಲೈಸೆನ್ಸು ಮೊದಲೇ ಇರಬೇಕು. ಇಲ್ಲದೆ ಇಟ್ಟುಕೊಂಡರೆ 2ರಿಂದ 5 ವರ್ಷ ಸೆರೆ.

ಕೊಳ್ಳುವ ಕ್ರಮವೂ ತಿರುಗುಮುರುಗಾಗಬಾರದು. ಮೊದಲು ಅರ್ಜಿ, ಪೊಲೀಸ್ ವರದಿ, ಲೈಸೆನ್ಸು; ಆಮೇಲೆ ಬಂದೂಕು. ಅರ್ಜಿದಾರರಿಗೆ 21 ವರ್ಷ ತುಂಬಿರಬೇಕು. ಬಂದೂಕನ್ನು ಬೀಗ ಹಾಕಿ ಭದ್ರವಾಗಿಡುವ ಏರ್ಪಾಡು ಮನೆಯಲ್ಲಿರಬೇಕು. ಒಬ್ಬರ ಹೆಸರಿನಲ್ಲಿ ಈಗ ಎರಡೇ ಬಂದೂಕು. 2019ಕ್ಕೆ ಮುಂಚೆ ಮೂರಿತ್ತು. ಲೈಸೆನ್ಸಿನ ಅವಧಿ 5 ವರ್ಷ. ಅಂಗಡಿಯಿಂದಲ್ಲದೆ ಇನ್ನೊಬ್ಬ ಲೈಸೆನ್ಸುದಾರರಿಂದ ಕೊಳ್ಳುವುದಾದರೆ, ಮಾರುವವರು ಜಿಲ್ಲಾ ದಂಡಾಧಿಕಾರಿಗೋ ಹತ್ತಿರದ ಠಾಣೆಗೋ ಬರಹದಲ್ಲಿ ತಿಳಿಸಿ 45 ದಿನ ಕಾಯಬೇಕು. 'ದುಡ್ಡು ಕೊಡಿ, ಇವತ್ತೇ ಒಯ್ಯಿರಿ' ಎನ್ನುವವರು ಈ 45 ದಿನವನ್ನು ನುಂಗುತ್ತಿದ್ದಾರೆ ಎಂದೇ ಅರ್ಥ.

ಖರ್ಚು ಅಲ್ಲಿಗೆ ನಿಲ್ಲುವುದಿಲ್ಲ. .315 ತೋಟಾ ಇಂದು ಪ್ರಪಂಚದಲ್ಲಿ ಬಹುಮಟ್ಟಿಗೆ ಭಾರತದಲ್ಲಷ್ಟೇ ಬಳಕೆಯಲ್ಲಿರುವ ತೋಟಾ; ಅದಕ್ಕೆ ಸರ್ಕಾರಿ ಕಾರ್ಖಾನೆಯೇ ಗತಿ. ವರ್ಷಕ್ಕೆ ಎಷ್ಟು ತೋಟಾ ಕೊಳ್ಳಬಹುದೆಂಬುದು ಲೈಸೆನ್ಸಿನಲ್ಲೇ ನಮೂದಾಗಿರುತ್ತದೆ. ಮುರಿದ ಹೊರತೆಗೆವ ಕೊಕ್ಕೆ, ಸವೆದ ಸ್ಪ್ರಿಂಗು, ಕಳೆದ ಮ್ಯಾಗಜೀನು ಇವಕ್ಕೆಲ್ಲ ಬಿಡಿಭಾಗ ಹುಡುಕುವುದು ವರ್ಷಗಳ ಕೆಲಸ. ಅಗ್ಗಕ್ಕೆ ಕೊಂಡ ರೈಫಲ್ಲಿಗೆ ಹೊಸ ಬ್ಯಾರಲ್ ಹಾಕಿಸಬೇಕಾದರೆ ಅದರ ಬದಲು ಇಶಾಪುರದ ಹೊಸದನ್ನೇ ಕೊಳ್ಳುವುದು ಲೇಸು. ಅದಕ್ಕೆ ಕಾರ್ಖಾನೆಯ ಪರೀಕ್ಷೆಯ ಮುದ್ರೆಯಾದರೂ ಇರುತ್ತದೆ. ಚುನಾವಣೆ ಘೋಷಣೆಯಾದಾಗ ಬಂದೂಕನ್ನು ಠಾಣೆಗೆ ಒಪ್ಪಿಸಿ ಮುಗಿದ ಮೇಲೆ ಬಿಡಿಸಿಕೊಳ್ಳುವ ಓಡಾಟ ಬೇರೆ. ಬೆಳೆ ನಿಂತ ಕಾಲದಲ್ಲೇ ಚುನಾವಣೆ ಬಂದರೆ ಕಾವಲಿಗೆ ಬಂದೂಕಿರುವುದಿಲ್ಲ ಎಂದು ಕರಾವಳಿ, ಮಲೆನಾಡಿನ ರೈತರು ದೂರುತ್ತಲೇ ಬಂದಿದ್ದಾರೆ.

ಒಂದು ಸಂದರ್ಭದಲ್ಲಿ ಮಾತ್ರ ಹಳೆಯ ರೈಫಲ್ಲನ್ನು ಬೇಡವೆನ್ನುವ ಮುಂಚೆ ಎರಡು ಸಲ ಯೋಚಿಸಬಹುದು: ಅದು ಮನೆಯದೇ ಆಗಿದ್ದಾಗ. ಅಜ್ಜ ಲೈಸೆನ್ಸಿನಲ್ಲಿ ಇಟ್ಟುಕೊಂಡಿದ್ದ .315ರ ಸಂಖ್ಯೆಗಳು ಹೊಂದಿಕೆಯಾಗಿ, ನಳಿಗೆ ಕೆಡದೆ, ಕಾಗದ ಅಖಂಡವಾಗಿದ್ದರೆ ಅದರ ಇತಿಹಾಸ ಗೊತ್ತಿರುತ್ತದೆ; ಅಪರಿಚಿತರಿಂದ ಕೊಂಡದ್ದಕ್ಕೆ ಆ ಭರವಸೆ ಇರದು. 2016ರ ಆಯುಧ ನಿಯಮಗಳ ಪ್ರಕಾರ ಲೈಸೆನ್ಸುದಾರರು ತೀರಿಕೊಂಡಾಗ ವಾರಸುದಾರರು ತಮ್ಮ ಹೆಸರಿಗೆ ಲೈಸೆನ್ಸು ಕೇಳಬಹುದು. ಬದುಕಿರುವಾಗಲೇ ವರ್ಗಾಯಿಸುವುದಾದರೆ ಅವರಿಗೆ 70 ವರ್ಷ ತುಂಬಿರಬೇಕು ಅಥವಾ ಬಂದೂಕು ಅವರಲ್ಲಿ 25 ವರ್ಷ ಇದ್ದಿರಬೇಕು. ಹೊಸ ಲೈಸೆನ್ಸು ಕೈಸೇರುವ ತನಕ ರೈಫಲ್ಲನ್ನು ಮನೆಯಲ್ಲಿ ಇಟ್ಟುಕೊಳ್ಳುವಂತಿಲ್ಲ. ತಡಮಾಡದೆ ಹತ್ತಿರದ ಠಾಣೆಯಲ್ಲೋ ಲೈಸೆನ್ಸಿರುವ ಬಂದೂಕಿನ ಅಂಗಡಿಯಲ್ಲೋ ಠೇವಣಿ ಇಟ್ಟು ರಸೀದಿ ಪಡೆಯಬೇಕು. ವಾರಸುದಾರರಿಗೆ ಅದು ಬೇಡವಾದರೆ ಲೈಸೆನ್ಸಿರುವ ಇನ್ನೊಬ್ಬರಿಗೆ ಮಾರಬಹುದು; ನಿಗದಿತ ಅವಧಿಯೊಳಗೆ ಮಾರದೆಯೂ ಬಿಡಿಸಿಕೊಳ್ಳದೆಯೂ ಇದ್ದರೆ ರೈಫಲ್ಲು ಸರ್ಕಾರದ ಪಾಲಾಗುತ್ತದೆ.